ಬೆಲ್ಲ, ನೀರು ಇಟ್ಟವರು

ಆ ಕೋಣೆಯನ್ನು ಯಾಕೆ ಕೆಡವಲಿಲ್ಲ ಎಂದು ನಮ್ಮ ಆಫೀಸಿನಲ್ಲಿ ಇವತ್ತಿಗೂ ಕೇಳುತ್ತಾರೆ. ನಡೆದದ್ದನ್ನು ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಕ್ಲಾಂಗ್ ಬಂದರಿನ ಕಂಪನಿಯೊಂದಕ್ಕೆ ಗೋದಾಮು ಕಟ್ಟಿಸುವುದು ನನ್ನ ಕೆಲಸ. ಕಳೆದ ವರ್ಷ ಮಲಕ್ಕಾದಲ್ಲಿ ಒಂದು ಹಳೆಯ ಜಾಗ ಸಿಕ್ಕಿತು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಿಂದ ಹಡಗಿನಲ್ಲಿ ತಂದ ಕೈದಿಗಳನ್ನು ಅಲ್ಲಿ ಕೂಡಿಹಾಕಿ, ರಸ್ತೆ ಕೆಲಸ ಮಾಡಿಸುತ್ತಿದ್ದರಂತೆ. ಉಳಿದದ್ದು ಉದ್ದನೆಯ ಒಂದು ಇಟ್ಟಿಗೆ ಕೋಣೆ ಮಾತ್ರ.

ಉರಿಬಿಸಿಲಿನಲ್ಲಿ ಬೀಗ ತೆಗೆದು ಒಳಹೊಕ್ಕೆ. ಒಳಗೆ ಬಾವಿಯ ತಂಪು, ಕುಚಲಕ್ಕಿ ಗಂಜಿಯ ವಾಸನೆ. ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಲೋಟದಲ್ಲಿ ನೀರು, ಪಕ್ಕದಲ್ಲಿ ಒಂದು ತುಂಡು ಬೆಲ್ಲ. ನಮ್ಮ ಮಂಗಳೂರು ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡುವುದೇ ಅದು; ಕುಡಿದ ಮೇಲೆ ಆ ಮನೆಗೆ ಎರಡು ಬಗೆಯುವಂತಿಲ್ಲ. ಇಟ್ಟವರು ಯಾರೆಂದು ಯೋಚಿಸುವ ಮೊದಲೇ ಬೆಲ್ಲ ಕಚ್ಚಿ, ನೀರು ಕುಡಿದು, ಲೋಟ ಕವುಚಿಟ್ಟಿದ್ದೆ.

ಅಲ್ಲೇ ನಿಂತು, ಅಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸುವ ಗುತ್ತಿಗೆದಾರ ಫ್ಲಾಯ್ಡ್‌ಗೆ ಫೋನ್ ಮಾಡಿದೆ. “ನಾಳೆ ಜನ ಕರ್ಕೊಂಡು ಬಾ ಮಾರಾಯ, ಕೆಡವಿಬಿಡುವ.”

“ಓಕೆ ಲಾ, ಅಂಕಲ್. ಅಲ್ಲಿ ಯಾರು ಸರಪಳಿ ಎಳೆಯೋದು? ತುಂಬಾ ಸೌಂಡ್.”

ನನಗೇನೂ ಕೇಳಿಸುತ್ತಿರಲಿಲ್ಲ.

ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿದೆ. ಆ ಬೀಗಕ್ಕಿದ್ದದ್ದು ಅದೊಂದೇ. ಮರುದಿನ ಬಾಗಿಲು ತೆಗೆದವನೂ ನಾನೇ. ಗೋಡೆಯುದ್ದಕ್ಕೂ ನೀರು ತುಂಬಿದ ಮಣ್ಣಿನ ಲೋಟಗಳು, ಒಂದೊಂದರ ಪಕ್ಕದಲ್ಲೂ ಬೆಲ್ಲ.

ಫ್ಲಾಯ್ಡ್ ಲೋಟಗಳನ್ನೂ ತನ್ನ ಆಳುಗಳನ್ನೂ ಎಣಿಸಿ ನಕ್ಕ. “ಸರಿಯಾಗಿ ನಮ್ಮ ಲೆಕ್ಕಕ್ಕೇ ಇಟ್ಟಿದ್ದೀರಲ್ಲ ಅಂಕಲ್, ನಿಮಗೆ ಬೇಡ್ವಾ?”

ನಾನು ಕಿಟಕಿಯತ್ತ ನೋಡಿದೆ. ನಿನ್ನೆ ನಾನು ನನ್ನ ಪಾಲಿನದನ್ನು ಕುಡಿದು ಕವುಚಿಟ್ಟ ಲೋಟ ಹಾಗೆಯೇ ಇತ್ತು.