ದೀಪದ ಹೊತ್ತಿನ ದನಿ

"ಮನೇಲೇ ಇರೋಳಿಗೆ ತಿಥಿ ಯಾಕೆ ಮಾಡ್ಲಿ ಅಂತಾರೆ ಮೇಡಂ, ನಮ್ಮ ಮಾವ," ಎಂದು ದೀಪ್ತಿ ಕಣ್ಣೊರೆಸಿಕೊಂಡಳು.

ಶೈಲಜಮ್ಮ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಬಸವನಗುಡಿಯ ಅವರ ಮನೆಗೆ ಹಳೆಯ ವಿದ್ಯಾರ್ಥಿಗಳು ಬರುತ್ತಿದ್ದುದು ಬಹುಪಾಲು ಬಿಡಿಸಲಾಗದ ಒಗಟುಗಳನ್ನು ಹೊತ್ತೇ. ಅದೇ ವಿಭಾಗದಲ್ಲಿ ಅವರ ಕೈಕೆಳಗೆ ಪಾಠ ಶುರುಮಾಡಿದ ನಾನು ಅಂದು ಅಲ್ಲೇ ಕಾಫಿ ಸೋಸುತ್ತಿದ್ದೆ. ೧೯೯೮ರ ಮಾತು.

ದೀಪ್ತಿಯ ಅತ್ತೆ ಸುಂದರಮ್ಮ ಚಾಮರಾಜಪೇಟೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಈಚೆಗೆ ಸಂಜೆ ದೀಪ ಹಚ್ಚಿದೊಡನೆ ಕ್ಯಾಸೆಟ್ ಡೆಕ್ ತಾನೇ ಶುರುವಾಗಿ, ಮನೆಯ ಎಲ್ಲ ಸ್ಪೀಕರುಗಳಲ್ಲೂ ಅವರ ದನಿ ಕೇಳುತ್ತಿತ್ತು.

"ಅದೇ ಒಂದು ಸಾಲು, ಮತ್ತೆ ಮತ್ತೆ. ಪಕ್ಕದ ಮನೆ ಮದುವೆಗೆ ರಸ್ತೆಗೆ ಶಾಮಿಯಾನ ಹಾಕಿದ್ದಾಗ ಮಾತ್ರ ಬರ್ಲಿಲ್ಲ. ಅವಳಿಗೆ ಗದ್ದಲ ಆಗೋಲ್ಲ ಅಂದ್ರು ಮಾವ. ನೆಂಟರೆಲ್ಲ ನಾನೇ ಆಟ ಆಡಿಸ್ತಿದೀನಿ ಅಂತಾರೆ. ಬುಧವಾರ ತಿಥಿ. ಪುರೋಹಿತರನ್ನ ವಾಪಸ್ ಕಳಿಸಿಬಿಟ್ರು."

"ಯಶಶ್ರೀ, ಚಪ್ಪಲಿ ಹಾಕ್ಕೋ," ಎಂದರು ಶೈಲಜಮ್ಮ, ನನ್ನ ಕಡೆ ತಿರುಗಿ.

ಇಕ್ಕಟ್ಟಾದ ಅಡ್ಡರಸ್ತೆಯ ಮನೆ ಅದು. ದೀಪ್ತಿಯ ಮಾವ ಚಕ್ರಪಾಣಿಯವರು ನಮ್ಮನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಒಳಕೋಣೆಯ ಬೀರುವಿನಲ್ಲಿ ಡೆಕ್ ಇತ್ತು. ಅದರ ಮೇನ್ ಸ್ವಿಚ್ಚನ್ನು ಅವರು ಆರಿಸಿರಲಿಲ್ಲ. ಹೆಂಡತಿ ಕೊನೆಗೆ ಹಾಕಿದ್ದ ಕ್ಯಾಸೆಟ್ಟನ್ನೂ ತೆಗೆದಿರಲಿಲ್ಲ.

"ಸುಂದರ ಹುಳಿ ಕುದಿಸ್ತಾ ಮಕ್ಕಳಿಗೆ ಪಾಠದ ಟೇಪ್ ಹಾಕೋಳು. ಪ್ರತಿ ಸಲ ಇಲ್ಲಿಗೆ ಓಡಿಬರೋದು ಬೇಡ ಅಂತ ನಾನೇ ಕೋಣೆಗೊಂದು ಸ್ಪೀಕರು, ಒಂದು ಕಣ್ಣು ಇಟ್ಟೆ." ಗೋಡೆಯ ಮೇಲೆ ಹುಣಿಸೆಬೀಜದಷ್ಟು ಕಪ್ಪು ಗಾಜು. "ಇದಕ್ಕೆ ರಿಮೋಟ್ ತೋರಿಸಿದ್ರೆ ತಂತಿಯಲ್ಲಿ ಸುದ್ದಿ ಹೋಗುತ್ತೆ. ಡೆಕ್ಕಿನ ಎದುರಿಗೆ ಅಂಟಿಸಿರೋ ಪುಟ್ಟ ಬಲ್ಬು ಅದನ್ನೇ ಡೆಕ್ಕಿಗೆ ಒಪ್ಪಿಸುತ್ತೆ. ರಿಮೋಟ್ ಇರೋದು ಒಂದೇ. ಬೀಗ ಹಾಕಿಟ್ಟಿದೀನಿ."

ನಡುಮನೆಯ ಕಣ್ಣು ತಲೆಬಾಗಿಲಿಗೆ ನೇರ ಎದುರಿಗಿತ್ತು.

ಹೊತ್ತು ಮುಳುಗಿತು. ದೀಪ್ತಿ ಪದ್ಧತಿಯಂತೆ ಹಿತ್ತಲ ಬಾಗಿಲು ಮುಚ್ಚಿ, ಲಕ್ಷ್ಮಿ ಬರಲೆಂದು ತಲೆಬಾಗಿಲನ್ನು ಪೂರ್ತಿ ತೆರೆದು ದೀಪ ಹಚ್ಚಿದಳು. ಡೆಕ್ಕು ಟಕ್ಕೆಂದಿತು. ಮಾಗಿದ ದನಿಯೊಂದು ಅಡುಗೆಮನೆಯಿಂದ, ಮಹಡಿಯಿಂದ, ನಮ್ಮ ಬೆನ್ನ ಹಿಂದಿನಿಂದ ಎದ್ದಿತು.

"ಬಂದ್ಲು," ಎಂದು ಚಕ್ರಪಾಣಿಯವರು ಅಡುಗೆಮನೆಯ ಕಡೆ ತಿರುಗಿ ಕುಳಿತರು.

ಒಂದು ಸಾಲು ಮುಗಿಯಿತು. ಟೇಪು ಸರ್ರನೆ ಹಿಂದೆ ಓಡಿತು. ಮತ್ತೆ ಅದೇ ಸಾಲು.

"ದೆವ್ವಕ್ಕೂ ರಿವೈಂಡ್ ಬರುತ್ತಲ್ಲ!" ಎಂದ ಅವರ ಮಗ, ದೀಪ್ತಿಯ ಗಂಡ ಶ್ರೀಹರಿ.

ಶೈಲಜಮ್ಮ ಎದ್ದು ಹೊಸ್ತಿಲ ಬಳಿ ಅಡ್ಡಲಾಗಿ ನಿಂತರು. ಹಾಡು ಹಿಂದೆ ಹೋಗಲಿಲ್ಲ, ಮುಂದಿನ ಸಾಲಿಗೆ ನಡೆಯಿತು. ಪಕ್ಕಕ್ಕೆ ಸರಿದರು. ಟೇಪು ಮತ್ತೆ ಸರ್ರೆಂದಿತು. ನಾನು ಹೊರಗೆ ನೋಡಿದೆ. ಎದುರುಮನೆಯ ಮಹಡಿಯ ಮೊಗಸಾಲೆಯಲ್ಲಿ ಹಳೆಯ ಪೇಪರು ತುಂಬಿದ ರಟ್ಟಿನ ಪೆಟ್ಟಿಗೆಯೊಂದಿತ್ತು. ಅದರ ಮೇಲೆ ಈ ಡೆಕ್ಕಿನ ಕಂಪನಿಯದೇ ಹೆಸರು.

ಮರುದಿನ ಸಂಜೆ ಶೈಲಜಮ್ಮ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ಎದುರುಮನೆಯ ಆರಾಧನಾಳನ್ನೂ ಕರೆಸಿದ್ದರು. ಬಿ.ಎಸ್ಸಿ. ಓದುತ್ತಿದ್ದ ಹುಡುಗಿ, ತಲೆ ತಗ್ಗಿಸಿ ಕಂಬಕ್ಕೆ ಒರಗಿದ್ದಳು.

"ರಿಮೋಟಿನದು ಕಣ್ಣಿಗೆ ಕಾಣದ ಬೆಳಕು. ಗೋಡೆ ದಾಟೋಲ್ಲ, ಶಾಮಿಯಾನ ದಾಟೋಲ್ಲ, ನಾನು ಅಡ್ಡ ನಿಂತರೂ ದಾಟೋಲ್ಲ. ಅಂದ್ಮೇಲೆ ಅದು ಬರ್ತಿದ್ದದ್ದು ಬಾಗಿಲಿಂದ. ಒಳಗಿರೋ ದೀಪ್ತಿಗೆ ಬಾಗಿಲ ಹಂಗು ಯಾಕೆ? ಹಗಲಲ್ಲಿ ಬಿಸಿಲು ಆ ಕಣ್ಣನ್ನ ಕುರುಡು ಮಾಡುತ್ತೆ. ಬಿಸಿಲು ಇಳಿದಮೇಲೆ ಬಾಗಿಲು ಪೂರ್ತಿ ತೆಗೆಯೋದು ದೀಪದ ಹೊತ್ತಿಗೆ. ಒಂದೇ ಕಂಪನಿಯ ರಿಮೋಟು ಎದುರುಮನೇಲೂ ಇದೆ. ಇನ್ನು ಒಂದೇ ಸಾಲನ್ನ ಪದೇಪದೇ ಕೇಳೋರು ಯಾರು? ಹೆದರಿಸೋರಲ್ಲ, ಕಲಿಯೋರು."

ಆರಾಧನಾ ತಲೆ ಎತ್ತಿದಳು. "ನಮ್ಮನೆ ಡೆಕ್ ಹಾಕೋಕೆ ಹೋದೆ, ಇಲ್ಲಿ ಟೀಚರ್ ಹಾಡಿಬಿಟ್ರು. ಪಾಠ ಅರ್ಧಕ್ಕೆ ನಿಂತಿತ್ತು. ಟೀಚರ್ ಹೋದ್ಮೇಲೆ ಯಾರೂ ಬರಬೇಡಿ ಅಂದಿದ್ರಿ ಅಂಕಲ್... ಆ ಒಂದು ಸಾಲು ನಂಗೆ ಬರ್ತಾನೇ ಇರ್ಲಿಲ್ಲ."

ಚಕ್ರಪಾಣಿಯವರು ಗೋಡೆಯ ಮೇಲಿನ ಕಪ್ಪು ಗಾಜಿನತ್ತ ನೋಡಿದರು.

"ತಂತಿ ಎಳೆದೋರು ನೀವೇ," ಎಂದರು ಶೈಲಜಮ್ಮ, ಮೆಲ್ಲಗೆ. "ಆ ಕಣ್ಣಿನ ಮೇಲೆ ಒಂದು ಬೆರಳಿಟ್ಟಿದ್ರೆ ನಿಮಗೆ ಯಾವತ್ತೋ ಗೊತ್ತಾಗ್ತಿತ್ತು."

"ಅದಕ್ಕೇ ಇಡ್ಲಿಲ್ಲ ಮೇಡಂ."

ಚಕ್ರಪಾಣಿಯವರು ಎದ್ದು ಗೋಡೆಯ ಬಳಿ ಹೋಗಿ ಕಪ್ಪು ಗಾಜನ್ನು ಹೆಬ್ಬೆರಳಿನಿಂದ ಮುಚ್ಚಿದರು. "ಆ ಸಾಲು ಹಾಡು," ಎಂದರು, ತಿರುಗದೆ.

ಹುಡುಗಿ ಹಾಡಿದಳು. ಮಧ್ಯದಲ್ಲಿ ಎಡವಿದಳು.

"ಅಲ್ಲಿ ಉಸಿರು ತಗೋಬೇಕು. ಸುಂದರ ತಗೋತಿದ್ಲು. ಟೇಪಿನಲ್ಲಿ ಅದು ಕೇಳ್ಸೋಲ್ಲ. ಎದುರು ಕೂತು ನೋಡಿದೋರಿಗೆ ಗೊತ್ತು."

ಅವಳು ಮತ್ತೆ ಹಾಡಿದಳು. ಈ ಸಲ ಉಸಿರು ತೆಗೆದುಕೊಂಡಳು. ದೀಪ್ತಿ ಸೆರಗು ಬಾಯಿಗೊತ್ತಿಕೊಂಡಳು. ಚಕ್ರಪಾಣಿಯವರು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಶ್ರೀಹರಿ, ಪುರೋಹಿತರಿಗೆ ಫೋನ್ ಮಾಡು. ಬುಧವಾರ ಬರ್ಲಿ," ಎಂದು ಗಾಜಿನ ಮೇಲಿನ ಬೆರಳು ತೆಗೆದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ನೀನು ಗುರುವಾರದಿಂದ ಬಾ. ಈ ಹೊತ್ತಿಗೆ ಬಾಗಿಲು ತೆಗೆದೇ ಇರುತ್ತೆ."