ಬಾಡಿಗೆ ಬಾಯಿ

“ಇಲ್ಲ ಅನ್ನು!” ಎಂದರು ಅತ್ತೆ.

ವಸತಿಗೃಹದ ಊಟದ ಕೋಣೆಯಲ್ಲಿ ಎಲ್ಲರ ಕಣ್ಣೂ ಸೊಸೆಯ ಬಾಯಿಯ ಮೇಲಿತ್ತು. ಬೆಟ್ಟ ಹತ್ತಿಸಲು ಬಂದಿದ್ದ ಗೈಡ್, ಬಿಸಿಲಿಗೆ ಕಂದಿದ ಮುಖದ ನಡುವಯಸ್ಸಿನ ಹೆಂಗಸು, ಫಾರ್ಮಿನ ಒಂದು ಸಾಲಿನ ಮೇಲೆ ಪೆನ್ನು ಊರಿ ಕಾಯುತ್ತಿದ್ದಳು. ಆ ಪರದೇಶದ ಭಾಷೆ ಕುಟುಂಬದಲ್ಲಿ ಸೊಸೆಯೊಬ್ಬಳಿಗೇ ಬರುತ್ತಿತ್ತು; ಯಂತ್ರಗಳ ಕಂಪನಿಯೊಂದರಲ್ಲಿ ಪತ್ರಗಳ ಅನುವಾದ ಮಾಡುವುದೇ ಅವಳ ಕೆಲಸ. ಯಾರಿಗಾದರೂ ಹೃದಯದ ಕಾಯಿಲೆ ಇದೆಯೇ ಎಂಬುದು ಪ್ರಶ್ನೆ. ಮಾವನಿಗೆ ಸ್ಟೆಂಟ್ ಹಾಕಿಸಿ ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ.

“ಅತ್ತೆ, ಇದೆ ಅಂದ್ರೆ ಮಾವ ಇಲ್ಲೇ ಉಳ್ಕೋಬಹುದು. ನಾನೂ ಅವರ ಜೊತೆ ಇರ್ತೀನಿ…”

“ನಿನ್ನ ಸಲಹೆ ಕೇಳಿದ್ನಾ? ಮೂವತ್ನಾಲ್ಕು ವರ್ಷ ಸ್ಕೂಲಲ್ಲಿ ದುಡಿದು ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆಗಿದೀನಿ. ಬೆಟ್ಟದ ತುದೀಲಿ ಗಂಡ ಹೆಂಡತಿ ನಿಂತು ಒಂದು ಫೋಟೋ, ಅಷ್ಟೇ ನನ್ನ ಆಸೆ. ಒಬ್ಳೇ ನಿಂತ್ರೆ ಸ್ಟಾಫ್‌ರೂಮಿನೋರು ಏನಂತಾರೆ? ಬಸ್ ಡ್ರೈವರ್ ಗಂಡನ್ನ ಬಚ್ಚಿಟ್ಟಳು ಅಂತಾರೆ! ಬಾಡಿಗೆ ಬಾಯಿಗೆ ಯೋಚನೆ ಯಾಕೆ ಬೇಕು?”

ಬಾಡಿಗೆ ಬಾಯಿ! ಪ್ರವಾಸದ ಮೊದಲ ದಿನವೇ ಅತ್ತೆ ಇಟ್ಟ ಹೆಸರು ಅದು. ಹಾಸಿಗೆಯ ಚಾದರ ನೋಡಿ ಅವರು, “ನಾಯಿ ಮಲಗಿ ಎದ್ದ ಹಾಗಿದೆ, ಇವರ ಮನೇಲಿ ನೀರಿಲ್ವಾ ಕೇಳು” ಎಂದಾಗ, ಸೊಸೆ ವಸತಿಗೃಹದ ಹುಡುಗಿಗೆ, “ದಯವಿಟ್ಟು ಬೇರೆ ಚಾದರ ಕೊಡುತ್ತೀರಾ?” ಎಂದಷ್ಟೇ ಹೇಳಿದ್ದಳು. “ನಾನು ಮಾರುದ್ದ ಬೈದೆ, ನೀನು ಗೇಣುದ್ದ ಹೇಳಿದೆ! ಉಳಿದದ್ದನ್ನ ನುಂಗಿದ್ಯಾ?” ಎಂದು ರೇಗಿದ ಅತ್ತೆ ಅಂದಿನಿಂದ ಅವಳ ಯಾವ ಮಾತನ್ನೂ ನಂಬುತ್ತಿರಲಿಲ್ಲ.

“ಅಮ್ಮ ಹೇಳಿದ್ದು ಹೇಳಿ ಮುಗ್ಸೇ” ಎಂದ ಗಂಡ, ಬೂಟಿನ ಲೇಸು ಬಿಗಿಯುತ್ತ.

ಮಾವ ನಕ್ಕರು. “ಅಂದ್ಬಿಡಮ್ಮ. ಬೆಳಿಗ್ಗೆ ಬೆಳಿಗ್ಗೆ ರಂಪ ಬೇಡ. ನಾನು ಹಳೇ ಬಸ್ಸು, ಫಸ್ಟ್ ಗೇರಲ್ಲಿ ನಿಧಾನಕ್ಕೆ ಹತ್ತುತ್ತೆ.”

ಅವಳು ಇಲ್ಲ ಎಂದಳು. ಆ ಭಾಷೆಯಲ್ಲಿ ಅದು ಒಂದೇ ಅಕ್ಷರದ ಪದ. ಗಂಡ ಕೆಳಗೆ ಸಹಿ ಹಾಕಿದ.

ಮೊದಲ ಎರಡು ಗಂಟೆ ದಾರಿ ಮರಗಳ ನೆರಳಿನಲ್ಲಿತ್ತು. ಮಾವ ಊರುಗೋಲು ಕುಟ್ಟುತ್ತ, “ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದೋನು ಯಾರೋ ಹೆಂಡತಿ ಜೊತೆ ಬೆಟ್ಟ ಹತ್ತಿದೋನೇ ಇರಬೇಕು” ಎಂದು ತಮಾಷೆ ಮಾಡುತ್ತಿದ್ದರು. ಮರಗಳು ಮುಗಿದು ಬರೀ ಕಲ್ಲು ಶುರುವಾದ ಮೇಲೆ ತಮಾಷೆ ನಿಂತಿತು. ಸೊಸೆ ಅವರ ಹಿಂದೆಯೇ ನಡೆಯುತ್ತ ಅವರ ಉಸಿರು ಎಣಿಸುತ್ತಿದ್ದಳು. ಒಂದು ತಿರುವಿನಲ್ಲಿ ಗೈಡ್ ನಿಂತು, ಮಾವನನ್ನು ಬಂಡೆಯ ಮೇಲೆ ಕೂರಿಸಿ, ಕೈಗವಸು ಕಳಚಿ ಬೆರಳು ನೋಡಿದಳು. ಆಮೇಲೆ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡಿದಳು.

ಸೊಸೆ ಒಂದು ಮಾತನ್ನೂ ಬಿಡಲಿಲ್ಲ. “ಮಾವನ ಉಗುರು ನೀಲಿ ಆಗ್ತಿದೆಯಂತೆ. ಇನ್ನೊಂದು ಹೆಜ್ಜೇನೂ ಮೇಲಕ್ಕೆ ಬೇಡ, ಕೂತಲ್ಲೇ ಕೂತಿರಲಿ, ಸ್ಟ್ರೆಚರ್ ತರಿಸ್ತೀನಿ ಅಂತಿದಾರೆ.”

“ಅವಳು ಅಂತಿದಾಳೋ, ನೀನು ಅಂತಿದೀಯೋ?”

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ…”

“ನಿನ್ನ ಮಂಡಿ ಸೋತಿದೆ, ಅದಕ್ಕೆ ಇವರ ಉಗುರಿನ ನೆಪ! ತುದಿ ಕಾಣ್ತಿದೆ, ಕಾಲು ಗಂಟೆ ದಾರಿ. ಏಳ್ರೀ! ನಾಟಕ ಸಾಕು.”

ಸೊಸೆ ಗೈಡ್ ಕಡೆಗೆ ತಿರುಗಿ, ಬೆಳಿಗ್ಗೆ ತಾನು ಸುಳ್ಳು ಹೇಳಿದೆನೆಂದೂ ಮಾವನಿಗೆ ಹೃದಯದ ಕಾಯಿಲೆ ಇದೆಯೆಂದೂ ತೊದಲುತ್ತ ಹೇಳಿದಳು. ಗೈಡ್ ಬೆಚ್ಚಿ ವಾಕಿಟಾಕಿಗೆ ಕೈ ಹಾಕಿದ ಆ ಒಂದು ಕ್ಷಣದಲ್ಲಿ ಮಾವ ಎದ್ದುಬಿಟ್ಟಿದ್ದರು. ನಲವತ್ತು ವರ್ಷ ಆ ಕೂಗಿಗೆ ಎದ್ದ ಮನುಷ್ಯ… ಈಗಲೂ ಎದ್ದರು! ಏಳೆಂಟು ಹೆಜ್ಜೆ ಹೋದರು. ಆಮೇಲೆ ಏನೋ ಮರೆತವರಂತೆ ಹಿಂದಿರುಗಿ ನೋಡಿ, ಕುಸಿದರು.

ಸ್ಟ್ರೆಚರ್ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬುಡದ ಆಸ್ಪತ್ರೆಯ ಪಡಸಾಲೆಯಲ್ಲಿ ಪೊಲೀಸ್ ಅಧಿಕಾರಿ ಬೆಳಗಿನ ಫಾರ್ಮನ್ನು ಮೇಜಿನ ಮೇಲಿಟ್ಟು, ಇಲ್ಲ ಎಂದು ಬರೆಸಿದವರು ಯಾರೆಂದು ಕೇಳಿದ. ಸೊಸೆ ಅದನ್ನು ಕನ್ನಡದಲ್ಲಿ ಹೇಳಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವರ ಮಾತ್ರ ತರಗತಿಯಲ್ಲಿ ನಿಂತಂತೆಯೇ ಇತ್ತು.

“ಹೇಳು ಅವನಿಗೆ. ನಾವು ಕಾಯಿಲೆ ಇದೆ ಅಂತಾನೇ ಹೇಳಿದ್ವಿ. ಈ ಬಾಡಿಗೆ ಬಾಯಿ ಉಲ್ಟಾ ಹೇಳ್ತು. ಇವಳೇ ಕೊಂದಿದ್ದು ಅನ್ನು. ನುಂಗಬೇಡ!”

ಅವಳು ಗಂಡನನ್ನು ನೋಡಿದಳು. ಅವನು ಗೋಡೆಯ ಹೀಟರಿಗೆ ಕೈ ಒಡ್ಡಿಕೊಂಡಿದ್ದ. “ಸಹಿ ನಂದು ಕಣೇ… ನಿಂಗೆ ಭಾಷೆ ಬರುತ್ತೆ, ಹೇಗಾದ್ರೂ ನಿಭಾಯಿಸ್ತೀಯ. ಅಮ್ಮ ಹೇಳಿದ ಹಾಗೆ ಹೇಳ್ಬಿಡು.”

ಅವಳು ಹೇಳಿದಳು. ತನ್ನ ವಿರುದ್ಧದ ಮಾತನ್ನು, ತನ್ನದೇ ಬಾಯಿಂದ, ವ್ಯಾಕರಣ ತಪ್ಪದೆ ಹೇಳಿದಳು. ಅಧಿಕಾರಿ ಬರೆದುಕೊಂಡು ಅವಳ ಪಾಸ್‌ಪೋರ್ಟ್ ಇಸಿದುಕೊಂಡ. ಶವದ ಕೋಣೆಗೆ ಹತ್ತಿರದ ಸಂಬಂಧಿಕರಿಗಷ್ಟೇ ಪ್ರವೇಶ. ನೀವು ಸತ್ತವರಿಗೆ ಏನಾಗಬೇಕು ಎಂದ.

“ಏನಂತೆ?” ಎಂದರು ಅತ್ತೆ. ಕೇಳಿ ತಿಳಿದು, “ಏನೂ ಆಗಬೇಕಿಲ್ಲ ಅನ್ನು. ಮಾತಾಡೋಕೆ ಅಂತ ಕರ್ಕೊಂಡು ಬಂದೋಳು ಅನ್ನು” ಎಂದರು.

ಅವಳು ಅದನ್ನೂ ಹೇಳಿದಳು. ಬಾಗಿಲು ಮುಚ್ಚಿತು. ಹನ್ನೊಂದು ವರ್ಷ ತನ್ನನ್ನು ಬಾಯಿತುಂಬ ಅಮ್ಮ ಎಂದು ಕರೆದವರ ಮುಖವನ್ನು ಕೊನೆಯ ಸಲ ನೋಡಲೂ ಅವಳಿಗೆ ಹಕ್ಕಿರಲಿಲ್ಲ! ಬೆಂಚಿನ ಮೇಲೆ ಕುಳಿತು ಸದ್ದಾಗದಂತೆ ಅತ್ತಳು.

ಐದು ನಿಮಿಷಕ್ಕೆ ಗಂಡ ಬಾಗಿಲು ತೆರೆದ. “ಬಾ ಸ್ವಲ್ಪ. ಡಾಕ್ಟರು ಏನೋ ಹೇಳ್ತಿದಾರೆ, ಒಂದೂ ಅರ್ಥ ಆಗ್ತಿಲ್ಲ.”

ಒಳಗೆ ಚಳಿಯಿತ್ತು. ಮಾವನ ಬಾಯಿ ಕೊಂಚ ತೆರೆದಿತ್ತು. ಅತ್ತೆ ಅವರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಿದ್ದರು, ಇನ್ನೂ ಬೆಚ್ಚಗಾಗಬಹುದು ಎಂಬಂತೆ. ಡಾಕ್ಟರು ಸೊಸೆಗೆ ತಗ್ಗಿದ ಸ್ವರದಲ್ಲಿ ಹೇಳಿದರು: “ಗೈಡ್ ಎಲ್ಲ ತಿಳಿಸಿದ್ದಾಳೆ. ಆ ಬಂಡೆಯ ಮೇಲೆ ಕುಳಿತೇ ಇದ್ದಿದ್ದರೆ ಬಹುಶಃ ಬದುಕುತ್ತಿದ್ದರು.”

“ಏನಂತೆ?” ಅತ್ತೆ ತಲೆಯೆತ್ತಿದರು. ಕೈ ಮಾತ್ರ ಉಜ್ಜುವುದನ್ನು ಬಿಡಲಿಲ್ಲ. “ಹೇಳೇ, ಏನಂದ್ರು?”

ಸತ್ಯ ಅವಳ ನಾಲಿಗೆಯ ತುದಿಯಲ್ಲಿತ್ತು. ಒಂದೇ ವಾಕ್ಯ… ಆ ಹೆಂಗಸು ಬದುಕಿರುವವರೆಗೂ ಸುಡುವಂಥ ವಾಕ್ಯ! ಅವಳು ಮಾವನ ಮುಖ ನೋಡಿದಳು.

“ನೋವೇ ಗೊತ್ತಾಗಿಲ್ಲವಂತೆ ಅತ್ತೆ. ಯಾರು ಏನು ಮಾಡಿದ್ರೂ ಉಳೀತಿರಲಿಲ್ಲವಂತೆ.”

ಈ ಸಲ ಅತ್ತೆ ಮರುಪ್ರಶ್ನೆ ಹಾಕಲಿಲ್ಲ. ನಂಬಿದರು. ಉದ್ದಕ್ಕೆ ಉಸಿರು ಬಿಟ್ಟು, ಗಂಡನ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಅತ್ತರು. ಅಳು ಮುಗಿದ ಮೇಲೆ ಮುಖ ಒರೆಸಿಕೊಂಡು ತಿರುಗಿದರು.

“ಕೇಳಿದ್ದಾಯ್ತಲ್ಲ, ಇನ್ನೂ ಯಾಕೆ ನಿಂತಿದೀಯ? ಮನೆಯೋರು ಅಳೋ ಜಾಗ ಇದು. ಹೊರಗೆ ನಡಿ.”

ಅವಳು ಹೊರಗೆ ಬಂದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.