ಒಂಬತ್ತು ಗಂಟಿನ ನೂಲು

“ಆ ಖೋಲ್ಯಾಗ ಯಾವುದಕ್ಕೂ ಬಸುರು ನಿಂದ್ರಂಗಿಲ್ರೀ ಮೇಡಮ್ಮಾರ. ಬಸುರಿ ಬೆಕ್ಕು ಹೊಸ್ತಿಲಾ ದಾಟಂಗಿಲ್ಲ. ಜಂತ್ಯಾಗಿನ ಗುಬ್ಬಿ ತತ್ತಿ ಒಂದರೆ ಮರಿ ಆಗಿದ್ದು ನಾ ಕಂಡಿಲ್ಲ. ಕುಣಿಯಾಗ ಮಾಟ ಐತಿ. ಬ್ಯಾಡ್ರೀ.”

ಮನೆಯೊಡತಿ ಗುರುಶಾಂತಮ್ಮ ಹೀಗೆಂದಾಗ ಸುಹಾಸಿನಿ ನಕ್ಕುಬಿಟ್ಟಳು.

“ಬಸುರಾಗೋದು ನಾನಲ್ಲ ಅವ್ವಾರ, ನನ್ನ ಜೇಡಗೋಳು. ಅವಕ್ಕ ಮಾಟಗೀಟ ತಿಳಿಯಂಗಿಲ್ಲ. ಪಾಪ, ಸಾಲಿಗೆ ಹೋಗಿಲ್ಲ.”

ಮುದುಕಿ ನಗಲಿಲ್ಲ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿತ್ತು. ಕೈಯಲ್ಲಿದ್ದ ರುದ್ರಾಕ್ಷಿಯ ಒಂದು ಮಣಿಯನ್ನು ಹೆಬ್ಬೆರಳಿನಿಂದ ಸರಿಸಿ, ಕೀಲಿ ಕೊಟ್ಟಳು.

ಬಳ್ಳಾರಿಯ ಸುಹಾಸಿನಿ ಆದೋನಿಯ ಕಾಲೇಜೊಂದಕ್ಕೆ ಪ್ರಾಣಿಶಾಸ್ತ್ರ ಕಲಿಸಲು ಬಂದು ಹದಿನೈದು ದಿನವಾಗಿತ್ತಷ್ಟೆ. ಪೇಟೆಯ ಬಾಡಿಗೆ ಮನೆಯ ಸೆಕೆಯಲ್ಲಿ ಅವಳ ಟ್ಯಾರಂಟುಲಾಗಳು ಬೆಂದುಹೋಗುತ್ತಿದ್ದವು. ಹತ್ತಿರದ ಹಳ್ಳಿ ಪೆದ್ದಹರಿವಾಣದ ಈ ಹಿತ್ತಿಲ ಖೋಲಿಗೋ ಮೊಳದಗಲದ ಕಲ್ಲುಗೋಡೆ. ನಡುವೆ, ಹಿಂದೊಮ್ಮೆ ನೇಕಾರರು ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿ. ನೂಲಿಗೆ ಹಾಕಿದ ಹಳೆಯ ಗಂಜಿಯ ಹುಳಿವಾಸನೆ ಗೋಡೆಯಿಂದ ಇನ್ನೂ ಬಿಟ್ಟಿರಲಿಲ್ಲ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಬಾವಿಯ ತಂಪು. ಅಂಗೈಯಗಲದ ರೋಮದ ಜೇಡಗಳಿಗೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಎಲ್ಲಿ ಸಿಕ್ಕೀತು?

ಆ ತಳಿಯನ್ನು ಅವಳ ಗುರುಗಳು ಇಪ್ಪತ್ತು ವರ್ಷ ಪೆಟ್ಟಿಗೆಗಳಲ್ಲೇ ಬೆಳೆಸಿ, ಸಾಯುವ ಮೊದಲು ಅವಳಿಗೆ ಒಪ್ಪಿಸಿದ್ದರು. “ನಿನ್ನ ಕೈ ನಂಬೀನಿ” ಎಂದಿದ್ದರು. ನಂಬುವಂಥ ಕೈಯೇ ಅದು. ರಾಗಿಕಾಳಿನಷ್ಟಿರುವ ಮರಿಯನ್ನೂ ಕುಂಚದ ತುದಿಯಲ್ಲಿ ನೋವಾಗದಂತೆ ಎತ್ತಬಲ್ಲ ಕೈ. ಈಗ ಉಳಿದದ್ದು ನಾಲ್ಕು ಹೆಣ್ಣು, ಒಂದೇ ಗಂಡು.

ಮೊದಲನೆಯ ಹೆಣ್ಣು ಗಂಡನ್ನು ಕೂಡಿತು. ಹೊಟ್ಟೆ ತುಂಬಿತು. ಇಪ್ಪತ್ತನೆಯ ದಿನ ಮಗುಚಿ ಬಿದ್ದು ಪೊರೆ ಕಳಚಿತು. ಪೊರೆ ಕಳಚಿದರೆ ಮುಗಿಯಿತು. ಒಳಗೆ ಕೂಡಿಟ್ಟ ಗಂಡಿನ ಬೀಜವೂ ಅದರೊಂದಿಗೇ ಹೋಗುತ್ತದೆ. ಎರಡನೆಯದೂ ಹಾಗೇ. ತೇವ ಹೆಚ್ಚಿಸಿದಳು, ಇಳಿಸಿದಳು, ಪೆಟ್ಟಿಗೆಗಳಿಗೆ ಕರಿಬಟ್ಟೆ ಸುತ್ತಿದಳು. ಮೂರನೆಯದೂ ಪೊರೆ ಬಿಟ್ಟಾಗ ಚಿಮುಟವನ್ನು ಗೋಡೆಗೆಸೆದು, ಖಾಲಿ ಪೊರೆಯನ್ನು ಹಿಡಿದುಕೊಂಡು ಅತ್ತಳು.

ಉಳಿದದ್ದು ಭಾಮೆ. ಹತ್ತಿರ ಬಂದ ಗಂಡನ್ನೆಲ್ಲ ಸಿಟ್ಟಿನಿಂದ ಅಟ್ಟುತ್ತಿದ್ದಳೆಂದು ಗುರುಗಳೇ ಇಟ್ಟ ಹೆಸರು. ಅವಳೂ ಕೂಡಿದಳು; ಕೂಡಿ ಗಂಡನ್ನು ತಿಂದೂಬಿಟ್ಟಳು. ಇನ್ನು ತಳಿಯೆಲ್ಲ ಆ ಒಂದು ಹೊಟ್ಟೆಯಲ್ಲಿತ್ತು.

ಗುರುಶಾಂತಮ್ಮ ದಿನಾ ಹೊಸ್ತಿಲ ಆಚೆ ನಿಂತು ನೋಡುವಳು. “ಕಾಳಹಸ್ತ್ಯಾಗ ಶಿವಗ ಬಲೆ ಹೆಣದದ್ದು ಇದರ ಜಾತೀನಽ” ಎಂದು ಕೈಮುಗಿಯುವಳು. ವಾರ ಹತ್ತು ದಿನಕ್ಕೊಮ್ಮೆ, “ಕುಣಿ ಮುಟ್ಟಬ್ಯಾಡ್ರೀ” ಎನ್ನುವಳು. ಸುಹಾಸಿನಿ ನಗುವಳು. ಮಣಿ ಸರಿಯುವುದು.

ಪೆಟ್ಟಿಗೆಯ ಮಣ್ಣು ಬದಲಿಸಲು ಕುಣಿಯ ತಣ್ಣನೆಯ ಮಣ್ಣನ್ನೇ ಬಗೆದಾಗ ಜರಡಿಯಲ್ಲಿ ಅದು ಸಿಕ್ಕಿತು. ಗಂಜಿ ಹಾಕಿ ಬಿರುಸಾದ ನೂಲು. ಕುಂಕುಮ ಕಪ್ಪಾಗಿ ಹೆಪ್ಪುಗಟ್ಟಿತ್ತು. ಒಡೆದ ಬಳೆಚೂರಿಗೆ ಸುತ್ತಿದ ಒಂಬತ್ತು ಗಂಟು.

ಹೊಸ್ತಿಲಾಚೆ ನಿಂತಿದ್ದ ಗುರುಶಾಂತಮ್ಮ ಬಾಗಿಲ ಚೌಕಟ್ಟು ಹಿಡಿದಳು. “ನಮ್ಮ ಮಾವನ ಕಾಲದಾಗ, ನನ್ನ ಮಗ ಇನ್ನೂ ತೊಟ್ಟಿಲದಾಗಿದ್ದಾಗ, ಇಲ್ಲಿ ನೇಯೋ ಹೆಣಮಗಳನ್ನ ತುಂಬಿದ ಬಸುರೀನ ಹೊರಗ ದಬ್ಬಿದ್ರು. ದಾರ್ಯಾಗ ಕೂಸು ಹೋತು. ಆಕಿ ತಿರುಗಿ ಬಂದು ಹೊತ್ತ ತಿಂಗಳಿಗೊಂದು ಗಂಟು ಹಾಕಿ ಹೂತಿಟ್ಟಳು. ಅಂದಿನಿಂದ ಈ ಮನಿ ಬಸುರು ಕಟ್ಟಿಬಿಟ್ಟೈತಿ. ಬಿಚ್ಚಬ್ಯಾಡ ಯವ್ವಾ.”

“ಎಂಟನೇ ಸಲ ಹೇಳ್ತಿದ್ದೀರಿ, ಅವ್ವಾರ!”

“ಒಂಬತ್ತನೇದು” ಎಂದಳು ಮುದುಕಿ. ಸುಹಾಸಿನಿ ಮತ್ತೆ ನಕ್ಕಳು. ಒಂಬತ್ತನೆಯ ಮಣಿ ಸರಿಯಿತು.

ಮರುದಿನ ನಡುಮಧ್ಯಾಹ್ನ. ಕರೆಂಟು ಹೋಗಿತ್ತು. ಭಾಮೆಯ ಹೊಟ್ಟೆಯ ಮೇಲಿನ ಬೋಳು ಜಾಗ ಕಪ್ಪಾಗಿತ್ತು. ಪೊರೆ ಕಳಚುವ ಗುರುತು. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು. ಸುಹಾಸಿನಿ ಆ ನೂಲನ್ನು ಕೈಗೆತ್ತಿಕೊಂಡಳು. ಮಾಟವೂ ಇಲ್ಲ, ಮಣ್ಣೂ ಇಲ್ಲ. ಇದ್ದರೂ ಒಂದು ನೂಲು ಬಿಚ್ಚಿದರೆ ಹೋಗುವುದೇನು? ಸೂಜಿ ತೆಗೆದುಕೊಂಡಳು.

ಮೊದಲ ಗಂಟು ಸಡಿಲಿತು. ಕುಣಿಯಲ್ಲಿ ಟಕ್ ಎಂದಿತು. ಎರಡನೆಯದು. ಟಕ್. ಲಾಳಿ ಬಡಿದ ಸದ್ದು. ಮಗ್ಗವೇ ಇಲ್ಲ. ಮೂರು. ನಾಲ್ಕು. ಹುಳಿ ಗಂಜಿಯ ವಾಸನೆ ಬಿಸಿಯಾಯಿತು. ಬಾಗಿಲ ಬೆಳಕು ಎಷ್ಟು ದೂರ! ಏಳು. ಎಂಟು. ನಿಲ್ಲಿಸಬೇಕೆಂದುಕೊಂಡಳು. ಬೆರಳುಗಳು ನಿಲ್ಲಲಿಲ್ಲ. ಒಂಬತ್ತು.

ಸದ್ದು ನಿಂತಿತು.

ಬೆಳಗಾಗುವಷ್ಟರಲ್ಲಿ ಭಾಮೆ ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಮೊಟ್ಟೆಚೀಲವನ್ನು ತಬ್ಬಿ ಕೂತಿದ್ದಳು. ಸುಹಾಸಿನಿ ಚಪ್ಪಾಳೆ ತಟ್ಟಲು ಹೋದಳು. ಎಡಗೈಯ ಕಿರುಬೆರಳು ಅಂಗೈಯೊಳಗೆ ಮಡಿಚಿಕೊಂಡಿತ್ತು. ಬಿಡಿಸಿದರೆ ಬರಲಿಲ್ಲ.

ಮೂರು ದಿನಕ್ಕೊಂದು ಬೆರಳು. ಆದೋನಿಯ ವೈದ್ಯರು ನರವೆಂದರು, ಕರ್ನೂಲಿನವರು ಮನಸ್ಸೆಂದರು. ತಿಂಗಳು ತುಂಬುವುದರೊಳಗೆ ಒಂಬತ್ತು ಬೆರಳು ಗಂಟುಬಿದ್ದವು. ಬಲಗೈ ತೋರುಬೆರಳೊಂದು ಉಳಿಯಿತು. ಆ ಹೊತ್ತಿಗೆ ಜಂತಿಯಲ್ಲಿ ಗುಬ್ಬಿಮರಿಗಳು ಚಿಲಿಪಿಲಿ ಎನ್ನುತ್ತಿದ್ದವು. ಭಾಮೆ ತಾನೇ ಚೀಲ ಬಿಚ್ಚಿದಳು. ಮುನ್ನೂರು ಮರಿ. ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಒಂದನ್ನೊಂದು ತಿನ್ನುತ್ತವೆ. ಸುಹಾಸಿನಿ ಮುಷ್ಟಿಗಳಿಂದ ಪೆಟ್ಟಿಗೆಯ ಮುಚ್ಚಳವನ್ನು ಗುದ್ದಿದಳು, ಹಲ್ಲಿನಿಂದ ಕಚ್ಚಿದಳು. ತೆರೆಯಲಿಲ್ಲ. ಗಾಜಿನಾಚೆ ತಿನ್ನುವುದು ಶುರುವಾಗಿತ್ತು.

ಹಿತ್ತಿಲಲ್ಲಿ ಯಾರೋ ವಾಂತಿ ಮಾಡುವ ಸದ್ದು ಕೇಳಿಸಿತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಬಸುರಾಗದಿದ್ದ, ಗುರುಶಾಂತಮ್ಮನ ಸೊಸೆ ಅಮೂಲ್ಯ. ಗುರುಶಾಂತಮ್ಮ ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಬಂದು, ಸುಹಾಸಿನಿಗೆ ಮೊಸರನ್ನ ತುತ್ತು ಮಾಡಿ ಉಣಿಸತೊಡಗಿದಳು.

“ನಿಮಗ ಮೊದಲಽ ಗೊತ್ತಿತ್ತಲ್ಲ?” ಸುಹಾಸಿನಿ ತುತ್ತಿನಿಂದ ಮುಖ ತಿರುಗಿಸಿದಳು.

“ಬ್ಯಾಡಂತ ಹೇಳೀನಲ್ಲ ಯವ್ವಾ. ಒಂಬತ್ತು ಸರತಿ ಹೇಳಬೇಕು. ಕೇಳಿದೋರು ಒಂಬತ್ತು ಸರತಿ ನಗಬೇಕು. ಆಮ್ಯಾಲ ತಾವಽ ಬಿಚ್ಚಬೇಕು. ಗಂಟು ಹಂಗಽ ಬಿಚ್ಚಿದೋರಿಗೆ ದಾಟತೈತಿ.” ಮುದುಕಿಯ ಕಣ್ಣು ತುಂಬಿತ್ತು. “ಶಿವ ನನ್ನ ಕ್ಷಮಿಸಂಗಿಲ್ಲ, ಗೊತ್ತೈತಿ. ಉಣ್ಣು.”

ಸಂಜೆ ಕಾಲೇಜಿನ ಹರಿತಾ ಬಂದಳು. ಸುಹಾಸಿನಿಯ ಜೊತೆಗೇ ಕೆಲಸಕ್ಕೆ ಸೇರಿದ್ದ, ಮಾತಿಗೊಮ್ಮೆ ನಗುವ ಹುಡುಗಿ. ಮರಿಗಳನ್ನು ನೋಡಿ, “ಅಯ್ಯೋ, ಎಷ್ಟೊಂದು! ನಾ ಬಿಡಿಸಿ ಕೊಡ್ತೀನಿ ಅಕ್ಕಾ” ಎಂದಳು. ಆಮೇಲೆ ಮುಷ್ಟಿಗಳತ್ತ ಕಣ್ಣು ಹೋಯಿತು. “ಇದೇನು? ಎಣ್ಣಿ ಹಚ್ಚಿ ಎಳದ್ರ ಬಿಚ್ಚತಾವು, ತಡಿ.”

ಸುಹಾಸಿನಿ ಗಾಜಿನತ್ತ ನೋಡಿದಳು. ಇನ್ನೂರು ಮರಿಯೂ ಉಳಿದಿರಲಿಲ್ಲ. ಈಗಲೇ ಹರಿತಾಳನ್ನು ಓಡಿಸಬೇಕು. ಎಲ್ಲವನ್ನೂ ಹೇಳಿಬಿಡಬೇಕು. ಬಾಯಿ ತೆರೆದಳು.

“ಬ್ಯಾಡ ಹರಿತಾ. ಮುಟ್ಟಬ್ಯಾಡ. ಮಾಟ ಐತಿ.”

ಹರಿತಾ ಬಿದ್ದುಬಿದ್ದು ನಕ್ಕಳು.

ಸುಹಾಸಿನಿಯ ತೋರುಬೆರಳು ಮೇಜಿನ ಮೇಲೆ, ತಾನಾಗಿಯೇ, ಮಣಿ ಎಣಿಸಿದಂತೆ, ಒಮ್ಮೆ ಬಡಿಯಿತು.

ಟಕ್.